ಕೆಂಚವೀರಪ್ಪನ ಹೆಂಡತಿ ಉಚ್ಚೆಂಗೆಮ್ಮ

ಕೆಂಚವೀರಪ್ಪ ಸತ್ತ ದಿನ ಅವನ ಹೆಂಡತಿಯ ಬಳೆ ಒಡೆಯಲಿಲ್ಲ. ಒಡೆಯಲೆಂದು ಸಾರಥಿ ಎಂಬ ಆ ಹಳ್ಳಿಯ ಇಬ್ಬರು ಮುದುಕಿಯರು ಹಿತ್ತಲ ಬಾಗಿಲಿಗೆ ಬಂದು ನಿಂತದ್ದೇನೋ ನಿಜ. ಅತ್ತೆ ತಿಮ್ಮವ್ವ ಅವರಿಗೆ ಅಡ್ಡ ನಿಂತು, "ಈಗ್ಲೇ ಬ್ಯಾಡ್ರಿ, ಮಾರಣ್ಣ ಬರ್ಲಿ" ಎಂದಳು. ಮಗನ ಹೆಣ ಪಡಸಾಲೆಯಲ್ಲಿರುವಾಗ ಸೊಸೆಯ ಬಳೆ ಕಾಯುವ ಅತ್ತೆಯನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಉಚ್ಚೆಂಗೆಮ್ಮನಿಗೆ ಆಗ ಇಪ್ಪತ್ತೆರಡು ವರ್ಷ, ಮಡಿಲಲ್ಲಿ ಎಂಟು ತಿಂಗಳ ಹೆಣ್ಣು ಕೂಸು. ಅತ್ತೆಗೆ ತನ್ನ ಮೇಲೆ ಕನಿಕರ ಹುಟ್ಟಿತೆಂದು ಅವಳು ತಿಳಿದಳು. ಅದು ೧೯೫೩ರ ಮಾತು. ತಿಳಿದದ್ದು ತಪ್ಪೆಂದು ಗೊತ್ತಾಗಲು ಸಂಜೆಯವರೆಗೂ ಕಾಯಬೇಕಾಗಲಿಲ್ಲ.

ಕೆಂಚವೀರಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲಿನ ಖಾತೆಯ ಕಾಯಂ ಆಳು. ಕಾಯಂ ಆಳಿಗೆ ಅವನ ಹೆಸರಿನದೇ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬಿಲ್ಲೆ ಇಲ್ಲದವರು ಬೆಳಗಿನ ಸಿಳ್ಳೆಗೆ ಮೊದಲೇ ಗೇಟಿನ ಹೊರಗೆ ಸಾಲು ನಿಲ್ಲಬೇಕು. ಒಳಗೆ ಯಾರಾದರೂ ಬಂದಿಲ್ಲವೆಂದಾದರೆ ಮುಕಾದಮ ಬೆರಳು ಮಾಡಿ ಒಬ್ಬನನ್ನು ಕರೆಯುತ್ತಾನೆ, ಉಳಿದವರು ಮನೆಗೆ ಹೋಗುತ್ತಾರೆ. ಪಕ್ಕದ ಆನೆಕೊಂಡದಿಂದ ನಡೆದು ಬಂದು ಹೀಗೆ ಎಂಟು ವರ್ಷ ನಿಂತವರಿದ್ದರು. ಆದ್ದರಿಂದ ಕಾಯಿಲೆ ಬಿದ್ದ ಕಾಯಂ ಆಳು ಬಿಲ್ಲೆಯನ್ನು ಗೂಟಕ್ಕೆ ನೇತುಹಾಕಿ ಮಲಗುತ್ತಿರಲಿಲ್ಲ. ತಮ್ಮನ ಕೈಗೋ ಭಾವಮೈದುನನ ಕೈಗೋ ಕೊಟ್ಟು ಕಳಿಸುತ್ತಿದ್ದ. ಮುಕಾದಮನಿಗೆ ಇದು ಗೊತ್ತಿತ್ತು. ಹಬ್ಬಕ್ಕೊಂದು ಹುಂಜ ಅವನ ಮನೆಗೆ ಹೋಗುತ್ತಿತ್ತು. ಕೆಂಚವೀರಪ್ಪ ಜ್ವರದಲ್ಲಿ ಮಲಗಿದ ಮೂರು ವಾರವೂ ಅವನ ತಮ್ಮ ಮಾರಣ್ಣ ಅಣ್ಣನ ಬಿಲ್ಲೆ ತೋರಿಸಿ, ಅಣ್ಣನ ಹೆಸರಿಗೆ ಓಗೊಟ್ಟು ಗಿರಣಿಯೊಳಗೆ ಹೋದ. ಇಪ್ಪತ್ತೆರಡನೆಯ ದಿನ ಅಣ್ಣ ಸತ್ತ.

ಹೊಲದ ಬದುವಿನಲ್ಲಿ ಗುಣಿ ತೆಗೆಯುತ್ತಿದ್ದಾಗಲೇ ಮಾತು ಮುಗಿಯಿತು. ಕುಲದ ಹಿರಿಯ ಕಲ್ಲಪ್ಪ, "ಸತ್ತ ಅಂತ ಬರೆಸಿದ್ರೆ ಬಿಲ್ಲೆ ಹೋತು. ಮಾರಣ್ಣ ಹೋಗಿ ಸಾಲಿನಾಗೆ ಕಟ್ಟಕಡೀಗೆ ನಿಲ್ಬೇಕಾಕ್ಕತಿ. ನೋಡ್ರಪಾ" ಎಂದ. ತಿಮ್ಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಮಗ ಹೋದ. ಹೆಸರಾದ್ರೂ ದುಡೀಲಿ" ಎಂದಳು. ಶಾನುಭೋಗರ ಪುಸ್ತಕದಲ್ಲಿ ಸಾವು ಬರೆಯಲಿಲ್ಲ. ಹನ್ನೊಂದನೆಯ ದಿನದ ಊಟವನ್ನು ಉಚ್ಚಂಗಿಯ ಅಮ್ಮನ ಹರಕೆಯೆಂದು ಹೇಳಿ ಬಡಿಸಿದರು. ಉಂಡವರೆಲ್ಲ ಹರಕೆಯೆಂದೇ ಉಂಡು ಎದ್ದರು. ಅವರಲ್ಲಿ ಅರ್ಧಕ್ಕರ್ಧ ಮನೆಗಳ ಮಕ್ಕಳು ಯಾರದೋ ಬಿಲ್ಲೆಯಲ್ಲಿ ದುಡಿಯುವವರೇ. ಉಚ್ಚೆಂಗೆಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಕೈತುಂಬ ಬಳೆ, ಹಣೆತುಂಬ ಕುಂಕುಮ ಇಟ್ಟುಕೊಂಡು ಅವಳು ಗಂಡನ ತಿಥಿಗೆ ಹೋಳಿಗೆ ಲಟ್ಟಿಸಿದಳು.

ಸಾರಥಿಯಲ್ಲಿ ಗುಟ್ಟು ಎಲ್ಲರದಾಗಿತ್ತು, ಅದೇ ಭಯಕ್ಕೂ ಕಾರಣ. ಮರುವರ್ಷ ಮನೆ ಹರಿಹರಕ್ಕೆ ಬಂತು. ಅಲ್ಲಿಂದ ಮಾರಣ್ಣ ದಿನಾ ರೈಲಿಗೆ ಹೋಗಿಬರುತ್ತಿದ್ದ.

ಹರಿಹರ ಆಗ ಮೈಸೂರು ಸೀಮೆಯ ಕೊನೆಯ ಊರು. ತುಂಗಭದ್ರೆಯ ಆಚೆ ದಡ ಮುಂಬಯಿ ಸರ್ಕಾರದ್ದು. ಐವತ್ತಾರರಲ್ಲಿ ಎರಡೂ ಕಡೆ ಒಂದೇ ರಾಜ್ಯವಾದ ಮೇಲೆ ಸೇತುವೆ ದಾಟುವುದು ಬರೀ ಹೊಳೆ ದಾಟುವುದಾಯಿತು. ಪರ ಊರಿನವರು ಹರಿಹರೇಶ್ವರನನ್ನು ನೋಡಲು ಬರುತ್ತಿದ್ದರು. ಅರ್ಧ ಹರಿ, ಅರ್ಧ ಹರನಾದ ವಿಗ್ರಹಕ್ಕೆ ಕೈಮುಗಿದು, ಮಂಟಪದ ನುಣುಪು ಕಂಬಗಳನ್ನು ಸವರಿ, ಹೊಳೆಯಲ್ಲಿ ಕಾಲು ತೊಳೆದು, ಮಂಡಕ್ಕಿ ಮೆಣಸಿನಕಾಯಿ ತಿಂದು ಮಧ್ಯಾಹ್ನದ ಗಾಡಿಗೆ ಹಿಂತಿರುಗುತ್ತಿದ್ದರು. ಊರಿನವರಿಗೆ ದೇವರಿಗಿಂತ ಹೊಸ ಕಾರ್ಖಾನೆಗಳ ಮಾತೇ ಹೆಚ್ಚು. ಎಲ್ಲಿ ನೋಡಿದರೂ ತಳಪಾಯ, ಇಟ್ಟಿಗೆ, ಸುಣ್ಣದ ಗುಡ್ಡೆ. ಉಚ್ಚೆಂಗೆಮ್ಮ ಬೇಸಗೆಯಲ್ಲಿ ಹೊಳೆಯ ಮರಳಿನಲ್ಲಿ ಗುಂಡಿ ತೋಡಿ ಗೊಬ್ಬರ ತುಂಬಿ ಸೌತೆ, ಕರಬೂಜ ಬೆಳೆದಳು. ಹೊಳೆ ಏರಿದ ಮೇಲೆ ಗಾರೆ ಹೊತ್ತಳು.

ಹರಿಹರದಲ್ಲಿ ಇನ್ನೊಂದು ತೊಡಕು ಕಾದಿತ್ತು. ರೈಲಿನಲ್ಲಿ ಜತೆಗೆ ಹೋಗುವ ಗಿರಣಿಯವರು ಮಾರಣ್ಣನನ್ನು ಕೆಂಚವೀರಪ್ಪ ಎಂದೇ ಕೂಗುತ್ತಿದ್ದರು. ಓಣಿಯವರೂ ಹಾಗೆಯೇ ಕರೆಯತೊಡಗಿದರು. ಮಾರಣ್ಣನಿಗೆ ಓಬವ್ವನೆಂಬ ಹೆಂಡತಿ ಬಂದಳು. ಒಂದು ಮನೆ, ಇಬ್ಬರು ಮುತ್ತೈದೆಯರು, ಒಬ್ಬ ಗಂಡಸು. ಪಕ್ಕದ ಮನೆಯ ಶಮೀಮ್ ಮಂಡಕ್ಕಿ ಮಾರುವವಳು, ಮುಚ್ಚುಮರೆ ಇಲ್ಲದೆ ಕೇಳಿಯೇಬಿಟ್ಟಳು: "ಯಾರು ಯಾರಿಗೇನಾಗ್ಬೇಕ್ರಿ ನೀವು?" ಉಚ್ಚೆಂಗೆಮ್ಮ ಬಾಯಿ ತೆರೆಯುವಷ್ಟರಲ್ಲಿ ತಿಮ್ಮವ್ವ ಹೇಳಿದಳು: "ಇಬ್ರೂ ನನ್ನ ಸೊಸೇರೇ. ಇವಳು ಹಿರೇಳು, ಅವಳು ಕಿರೇಳು."

ಆ ಕುಲದಲ್ಲಿ ಗಂಡ ಸತ್ತವಳು ಬೇಕೆಂದರೆ ಬೇರೊಬ್ಬನ ಕೈಯಿಂದ ಸೀರೆ ಉಟ್ಟು ಅವನ ಮನೆ ಸೇರಬಹುದು. ಅದನ್ನು ಉಡಿಕೆ ಎನ್ನುತ್ತಾರೆ. ಆದರೆ ಮೈದುನನ ಜತೆ ಉಡಿಕೆ ಇಲ್ಲ, ಅವನು ಮಗನ ಸಮಾನ. ಮಗನ ಸಮಾನನಾದವನ ಹಿರಿಯ ಹೆಂಡತಿಯಾಗಿ ಉಚ್ಚೆಂಗೆಮ್ಮ ಏಳು ವರ್ಷ ಆ ಓಣಿಯಲ್ಲಿ ಅರಿಶಿನ ಕುಂಕುಮ ತೆಗೆದುಕೊಂಡಳು. ಮಾರಣ್ಣ ಒಳಗೆ "ಅತ್ತಿಗಿ" ಎನ್ನುತ್ತಿದ್ದ, ಹೊರಗೆ ಏನೂ ಅನ್ನುತ್ತಿರಲಿಲ್ಲ. ಅವಳ ಮಗಳು ಪುಟ್ಟಕ್ಕನಿಗೆ ಅವನನ್ನು ಅಪ್ಪ ಎಂದು ಕರೆಯಲು ಅಜ್ಜಿಯೇ ಕಲಿಸಿದಳು.

"ಸವತೇರು ಇಷ್ಟು ಚೆಂದಾಗಿ ಇರೋದು ನಾನು ನೋಡೇ ಇಲ್ಲಮ್ಮ" ಎನ್ನುತ್ತಿದ್ದಳು ಶಮೀಮ್. "ಒಂದಿನನಾರ ಜುಟ್ಟು ಹಿಡ್ಕೊಂಡು ಜಗಳ ಆಡ್ರೆ. ನಮಗೂ ಹೊತ್ತು ಹೋಗ್ತೈತೆ."

ಐವತ್ತೇಳರ ಚುನಾವಣೆಯ ದಿನ ಅವಳೇ ಶಾಲೆಯ ಗೇಟಿನಿಂದ ಕೂಗಿದಳು: "ಲೇ, ಬೇಗ ಬಾರೆ! ನಿನ್ನ ಗಂಡ ಆಗ್ಲೇ ಓಟು ಹಾಕಿ ಹೋದ." ಉಚ್ಚೆಂಗೆಮ್ಮ ಒಳಗೆ ಹೋದಾಗ ಗುಮಾಸ್ತ ಪಟ್ಟಿಯಲ್ಲಿ ಓದಿದ: ಉಚ್ಚೆಂಗೆಮ್ಮ, ಗಂಡ ಕೆಂಚವೀರಪ್ಪ. ಹೌದೆಂದು ತಲೆಯಾಡಿಸಿ ಬೆರಳಿಗೆ ಮಸಿ ಹಾಕಿಸಿಕೊಂಡಳು.

ರಾಮಚಂದ್ರಪ್ಪನ ಪರಿಚಯವಾದದ್ದು ಗಾರೆ ಕೆಲಸದಲ್ಲಿ. ಕಡರನಾಯಕನಹಳ್ಳಿಯವನು, ನೆಲ ಹಾಸುವ ಮೇಸ್ತ್ರಿ, ಹೆಂಡತಿ ಸತ್ತು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನು ಮಾತಿನವನಲ್ಲ. ಎರಡು ಮಳೆಗಾಲ ಅವಳ ಬುಟ್ಟಿಗೆ ಉಳಿದವರಿಗಿಂತ ಒಂದು ಸಲಿಕೆ ಗಾರೆ ಕಡಿಮೆ ಹಾಕಿಸಿದ. ಅದನ್ನು ಉಳಿದ ಹೆಂಗಸರು ಗಮನಿಸಿ ನಕ್ಕರು, ಅವಳೂ ಗಮನಿಸಿದಳು. ಒಂದು ದಿನ ಅವನು, "ನಿಮ್ಮ ಯಜಮಾನ್ರು ಗಿರಣ್ಯಾಗಂತೆ" ಎಂದು ಕೇಳಿದಾಗ ಅವಳು ಎಂಟು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದಳು. ರಾಮಚಂದ್ರಪ್ಪ ಕರಣೆ ಕೆಳಗಿಟ್ಟು, ಆಗಷ್ಟೇ ಹಾಸಿದ ನೆಲದ ಅಂಚನ್ನು ಬೆರಳಿನಿಂದ ಸವರಿದ.

"ಇದನ್ನ ನಾನು ಯಾರಿಗೂ ಹೇಳಲ್ಲ" ಎಂದ. "ಆದ್ರೆ ಗಂಡ ಇರೋಳ್ನ ಕರ್ಕಂಡು ಹೋದ್ರೆ ನಮ್ಮೂರಾಗೆ ನನಗೆ ಬೆಂಕಿ ನೀರು ಕೊಡಲ್ಲ. ನಿಮ್ಮ ಹಿರೇರು ಹೂಂ ಅಂದ್ರೆ ನಾಳೇನೆ ಸೀರೆ ತರ್ತೀನಿ."

ಅವಳು ಸಾರಥಿಗೆ ನಡೆದು ಹೋಗಿ ಕಲ್ಲಪ್ಪನ ಜಗಲಿಯ ಮುಂದೆ ನಿಂತಳು. ಕಲ್ಲಪ್ಪ ಕೆಟ್ಟವನಲ್ಲ, ಕೂರಿಸಿದ, ಮಜ್ಜಿಗೆ ಕೊಡಿಸಿದ.

"ಉಡಿಕೆ ಅಂದ್ರೆ ಮುಚ್ಚಿಟ್ಟು ಮಾಡೋದಲ್ಲವ್ವ. ನಾಕು ಊರಿಗೆ ಎಲೆ ಅಡಿಕೆ ಹೋಗ್ಬೇಕು. ಕೆಂಚವೀರಪ್ಪ ಸತ್ತಾನಂತೆ ಅಂತ ಒಬ್ಬ ಗೇಟಿನಾಗೆ ಉಸುರಿದ್ರೆ ಸಾಕು, ಎಲ್ಲಾರ ಬಿಲ್ಲೇನೂ ಕೆದಕ್ತಾರೆ, ನಮ್ಮ ಹದಿನಾರು ಹುಡುಗ್ರು ಬೀದೀಗೆ ಬೀಳ್ತಾರೆ. ಮಾರಣ್ಣ ಪಿಂಚಣಿಗೆ ಬರೋ ತಂಕ ತಡಿ."

"ಅಷ್ಟೊತ್ತಿಗೆ ನನಗೆ ಐವತ್ತಾಗಿರ್ತೈತೆ."

"ಆಗ್ಲೂ ನಾನೇ ನಿಂತು ಮಾಡಿಸ್ತೀನಿ" ಎಂದ ಎಪ್ಪತ್ತು ದಾಟಿದ ಕಲ್ಲಪ್ಪ. ತಮಾಷೆಗೆ ಹೇಳಿದ್ದಲ್ಲ.

ಹಿಂದಿರುಗುವ ದಾರಿಯಲ್ಲಿ ಅವಳಿಗೊಂದು ಉಪಾಯ ಹೊಳೆಯಿತು. ಗಂಡ ಸತ್ತಿಲ್ಲವೆಂದಾದರೆ ಬದುಕಿದ್ದಾನೆ. ಬದುಕಿರುವ ಗಂಡ ಹಿರಿಯರೆದುರು ವೀಳ್ಯದೆಲೆ ಹರಿದು ಹೆಂಡತಿಗೆ ಬಿಡುಗಡೆ ಕೊಡಬಹುದು. ಬಿಡುಗಡೆಯಾದವಳಿಗೂ ಉಡಿಕೆ ಉಂಟು. ಎಂಟು ವರ್ಷ ಆ ಹೆಸರಿನಲ್ಲಿ ಉಂಡವನು ಆ ಹೆಸರಿನಲ್ಲಿ ಒಂದು ಎಲೆ ಹರಿಯಲಿ. ಕೆಂಚವೀರಪ್ಪ ಹಿರಿಯ ಹೆಂಡತಿಯನ್ನು ಬಿಟ್ಟನೆಂದು ಗಿರಣಿಗೆ ಸುದ್ದಿ ಮುಟ್ಟಿದರೆ ಮಾರಣ್ಣನ ಬಿಲ್ಲೆ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಯಾರಿಗೂ ನಷ್ಟವಿಲ್ಲದ ದಾರಿ. ಕಲ್ಲಪ್ಪನಿಗೆ ಹೇಳಿ ಕಳಿಸಿದಾಗ ಅವನು ಎರಡು ದಿನ ಯೋಚಿಸಿ, "ಹೆಂಗಸಿಗೆ ತಲೆ ಐತೆ" ಎಂದನಂತೆ.

೧೯೬೧ರ ಚೈತ್ರದಲ್ಲಿ, ಗಿರಣಿಯ ರಜೆಯ ದಿನ ಬೆಳಿಗ್ಗೆ, ಹೊಳೆದಂಡೆಯ ಕಲ್ಲುಮಂಟಪದಲ್ಲಿ ಕಲ್ಲಪ್ಪನೂ ಇನ್ನಿಬ್ಬರು ಹಿರಿಯರೂ ಕುಳಿತರು. ತಿಮ್ಮವ್ವ ಕಂಬಕ್ಕೆ ಒರಗಿದ್ದಳು. ರಾಮಚಂದ್ರಪ್ಪನೂ ಅವನ ಸೋದರಮಾವನೂ ಮಾತು ಕೇಳಿಸದಷ್ಟು ದೂರದ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಹೊಸ ಸೀರೆಯ ಗಂಟು. ಮಾರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನ ಕೈಗೆ ಎಲೆ ಕೊಟ್ಟರು.

"ಹೆಸರು ಹೇಳಿ ಹರಿಯಪ್ಪ" ಎಂದ ಕಲ್ಲಪ್ಪ.

"ಸಾರಥಿ ಕೆಂಚವೀರಪ್ಪ ಆದ ನಾನು..." ಮಾರಣ್ಣ ಶುರುಮಾಡಿದ. ನಾಲಿಗೆ ಎಲ್ಲಿಯೂ ತಡೆಯಲಿಲ್ಲ. ಅವನು ತಡವರಿಸಬಹುದೆಂದು ಉಚ್ಚೆಂಗೆಮ್ಮ ಅಂದುಕೊಂಡಿದ್ದಳು. "ಉಚ್ಚೆಂಗೆಮ್ಮನ್ನ ನನ್ನ ಮನೆಯಿಂದ ಬಿಟ್ಟೀನಿ. ಮಗಳು ಪುಟ್ಟಕ್ಕ ನನ್ನ ತಾವೇ ಇರ್ತಾಳೆ."

"ತಡೀರಿ" ಎಂದಳು ಉಚ್ಚೆಂಗೆಮ್ಮ. "ಹುಡುಗಿ ನನ್ನ ಜತೀಗೆ ಬರ್ತಾಳೆ."

ಕಲ್ಲಪ್ಪ ಅವಳ ಮುಖ ನೋಡಿದ. "ಬಿಡುಗಡೆ ತಗಂಡೋಳ ಮಕ್ಕಳು ಅಪ್ಪನ ಮನ್ಯಾಗೆ. ಇದೇನು ಇವತ್ತಿನದಾ? ನಿನಗೆ ಗೊತ್ತೈತೆ ಅಂತ ನಾವು ತಿಳಿದಿದ್ವಿ."

ಗೊತ್ತಿತ್ತು. ವಿಧವೆಯ ಮಗುವಾದರೆ ಹಿರಿಯರು ಕೂತು ಮಾತಾಡಿ ತಾಯಿಯ ಜತೆ ಕಳಿಸುವುದುಂಟು. ಬಿಡುಗಡೆಯಾದವಳ ಮಗುವಿನ ವಿಷಯದಲ್ಲಿ ಮಾತೇ ಇಲ್ಲ. ಆದರೆ ಉಪಾಯ ಹೂಡುವಾಗಲೆಲ್ಲ ಅವಳು ತನ್ನನ್ನು ವಿಧವೆ ಎಂದೇ ಎಣಿಸಿಕೊಂಡಿದ್ದಳು. ಎಲ್ಲರೂ ಮರೆತದ್ದನ್ನು ಅವಳೊಬ್ಬಳು ಮರೆತಿರಲಿಲ್ಲ, ತಪ್ಪಾದದ್ದು ಅಲ್ಲೇ.

"ಅವಳಪ್ಪ ನಿಮ್ಮ ಹೊಲದ ಬದುವಿನಾಗೆ ಅದಾನೆ" ಎಂದಳು. "ಮೊದಲ್ನೇ ಹಿಡಿ ಮಣ್ಣು ಹಾಕಿದೋನು ನೀನೇ, ಕಲ್ಲಪ್ಪಜ್ಜ."

"ಮೆಲ್ಲಕ, ಮೆಲ್ಲಕ. ಆ ಮಾತು ಎತ್ತಿದ್ರೆ ಇವತ್ತು ನಾವು ಇಲ್ಲಿ ಕುಂತಿರೋದ್ಯಾಕ?"

"ಅತ್ತಿಗಿ, ಶಾಲ್ಯಾಗೆ ಅಪ್ಪ ಅಂತ ಆ ಹೆಸರೇ ಐತೆ" ಎಂದ ಮಾರಣ್ಣ. ದನಿ ಒರಟಾಗಿರಲಿಲ್ಲ. "ಮಗಳ್ನ ಯಾಕ ಕೊಟ್ಟು ಕಳಿಸ್ದೆ ಅಂತ ರೈಲಿನಾಗೆ ನೂರು ಜನ ಕೇಳ್ತಾರೆ. ನಾನೇನು ಹೇಳ್ಲಿ?"

ತಿಮ್ಮವ್ವ ಕಂಬದಿಂದ ಎದ್ದು ಬಂದಳು. "ನನ್ನ ಮಗಂದು ಅಂತ ಉಳಿದಿರೋದು ಅದೊಂದೇ ಕೂಸು. ನೀನು ಹೋಗ್ತೀಯಾ, ಹೋಗು. ಬ್ಯಾಡ ಅನ್ನಲ್ಲ. ಅದನ್ನ ಬಿಡಲ್ಲ." ಆ ಮುದುಕಿ ಮಗ ಸತ್ತನೆಂದು ಬಾಯಿಬಿಟ್ಟು ಅತ್ತದ್ದನ್ನು ಉಚ್ಚೆಂಗೆಮ್ಮ ಎಂಟು ವರ್ಷದಲ್ಲಿ ಕಂಡಿರಲಿಲ್ಲ. ಈಗ ಕಂಡಳು.

ಮೆಟ್ಟಿಲ ಮೇಲೆ ರಾಮಚಂದ್ರಪ್ಪ ಎದ್ದು ನಿಂತು ಈ ಕಡೆ ನೋಡುತ್ತಿದ್ದ. ಇಷ್ಟು ತಡವೇಕೆಂದು ಅವನ ಸೋದರಮಾವ ಕೇಳುತ್ತಿರಬೇಕು. ಅವಳು ಒಂದು ಕೂಗು ಹಾಕಿದರೆ ಸಾಕಿತ್ತು. ಹದಿನಾರು ಮನೆಗಳ ಒಲೆ ಆರುತ್ತಿತ್ತು, ಅವುಗಳಲ್ಲಿ ಮಗಳು ಉಣ್ಣುವ ಒಲೆಯೂ ಒಂದು. ಸುಮ್ಮನೆ ಅತ್ತ ನಡೆದರೂ ಸಾಕಿತ್ತು; ಸೀರೆ ಸಿಗುತ್ತಿತ್ತು. ಪುಟ್ಟಕ್ಕ ಆ ಹೊತ್ತಿಗೆ ಮನೆಯಲ್ಲಿ ಓಬವ್ವನ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬುಗುರಿ ಆಡಿಸುತ್ತಿದ್ದಿರಬಹುದು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಉಚ್ಚೆಂಗೆಮ್ಮ ಮಾರಣ್ಣನ ಕೈಯಿಂದ ಇನ್ನೂ ಹರಿಯದಿದ್ದ ಎಲೆ ತೆಗೆದುಕೊಂಡಳು. ಕಲ್ಲಪ್ಪನ ಮುಂದಿದ್ದ ಚೀಲಕ್ಕೆ ತಾನೇ ಕೈಹಾಕಿ ಸುಣ್ಣ ಸವರಿದಳು, ಅಡಿಕೆ ಇಟ್ಟಳು, ಮಡಿಚಿ ಬಾಯಿಗೆ ಹಾಕಿಕೊಂಡಳು. ಹಿರಿಯರ ಎದುರು ಹೆಂಗಸರು ಎಲೆ ಹಾಕಿಕೊಳ್ಳುವುದಿಲ್ಲ. ಅವಳು ಅಲ್ಲಿಯೇ ನಿಂತು ಪೂರ್ತಿ ಅಗಿದು, ಮಂಟಪದ ಹೊರಗೆ ಉಗಿದು, ಮನೆಯ ಕಡೆ ಹೋದಳು.

ರಾಮಚಂದ್ರಪ್ಪನಿಗೆ ಕಲ್ಲಪ್ಪನೇ ಹೋಗಿ ಹೇಳಿದ. ಆ ಕಾರ್ತೀಕದಲ್ಲಿ ಅವನು ತನ್ನೂರಿನಲ್ಲೇ ಬೇರೆ ಸಂಬಂಧ ಮಾಡಿಕೊಂಡ. ಉಚ್ಚೆಂಗೆಮ್ಮ ಬೇರೆ ಮೇಸ್ತ್ರಿಯ ಕೈಕೆಳಗೆ ಗಾರೆ ಹೊತ್ತಳು; ಅಲ್ಲಿ ಎಲ್ಲರ ಬುಟ್ಟಿಗೂ ಒಂದೇ ಅಳತೆ.

ಎಲೆ ಅಗಿದ ಮರುದಿನ ಬೆಳಿಗ್ಗೆ ಅವಳು ಎದ್ದು ರೊಟ್ಟಿ ಬಡಿದು ಮಾರಣ್ಣನ ಬುತ್ತಿ ಕಟ್ಟಿದಳು. ಅವನು ಹೊಸಿಲಲ್ಲಿ ಚಪ್ಪಲಿ ಮೆಟ್ಟಿ, ಅವಳನ್ನು ಅತ್ತಿಗಿ ಎಂದು ಕರೆಯಲು ಬಾಯಿ ತೆರೆದ. ಪಕ್ಕದ ಬಾಗಿಲಲ್ಲಿ ಶಮೀಮ್ ಮಂಡಕ್ಕಿ ಚೀಲ ಹೊರಗಿಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕೈ ಚಾಚಿದ. ಅವಳು ಬುತ್ತಿ ಕೊಟ್ಟಳು. ಅವನು ರೈಲಿಗೆ ಹೋದ.