ಹೊಳೆನರಸೀಪುರದ ಮೀನು

ನಾನೇ ಕಂಡದ್ದೆಂದು ಇಷ್ಟು ವರ್ಷ ನಂಬಿಕೊಂಡು ಬಂದ ಈ ಸಂಗತಿ ನಡೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನೆನಪಿನಲ್ಲೇನೋ ನಿಚ್ಚಳವಾಗಿದೆ: ಹೊಳೆನರಸೀಪುರದ ಸೇತುವೆ ಹತ್ತಿರ ತಗಡು ಹೊದಿಸಿದ ಹೋಟೆಲು, ಬಾಳೆ ಎಲೆ, ಎಲೆಯ ಅಂಚಿಗೆ ಒಪ್ಪವಾಗಿ ಜೋಡಿಸಿದ ಮೀನಿನ ಮುಳ್ಳು, ಬೆರಳು ಚೀಪುತ್ತಿರುವ ಬಂಗಾಳದ ಕವಿ. ನಿಚ್ಚಳವಾಗಿರುವುದೆಲ್ಲ ನಿಜವಲ್ಲ ಎಂಬುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ, ಆಮೇಲೆ ಹಾಸನದ ಹುಡುಗರಿಗೆ ಕಲಿಸಿದೆ. ನನ್ನ ತಲೆಗೆ ಮಾತ್ರ ಅನ್ವಯಿಸಿಕೊಳ್ಳಲಿಲ್ಲ.

ಕವಿ ಈಚೆಗೆ ತೀರಿಕೊಂಡರು. ದೊಡ್ಡ ಹೆಸರು. ಹೊಳೆ, ದೋಣಿ, ಮೀನಿನ ಮಾರುಕಟ್ಟೆ, ಅಂಗಳದಲ್ಲಿ ಕೂತು ಮೀನು ಹೆಚ್ಚುವ ತಾಯಿ, ಇವನ್ನೇ ಬರೆದು ದೇಶಕ್ಕೆಲ್ಲ ಬೇಕಾದವರು. ನಾನು ಎಂ.ಎ. ಓದುತ್ತಿದ್ದಾಗ ಅರಕಲಗೂಡಿನ ಕಾಲೇಜಿಗೆ ಕವಿತೆ ಓದಲು ಬಂದಿದ್ದರು. ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ ನನ್ನನ್ನು ಅವರ ಜೊತೆಗೆ ಹಾಕಿದ್ದರು. ಬೆಳಗೊಳದ ಬೆಟ್ಟ ಹತ್ತಬೇಕೆಂದು ಅವರು ಹೇಳಿದ್ದರಿಂದ ಹಿಂದಿನ ದಿನ ಚನ್ನರಾಯಪಟ್ಟಣದಲ್ಲಿ ನನ್ನ ಗೆಳೆಯನ ಮನೆಯಲ್ಲಿ ಇಳಿಸಿದೆವು. ಪಾತ್ರೆ ವ್ಯಾಪಾರದ ಜೈನರ ಮನೆ. ಬೆಟ್ಟ ಹತ್ತಿ ಇಳಿದು ಬಂದ ಮೇಲೆ ಗೆಳೆಯನ ತಾಯಿ ಹೊತ್ತು ಮುಳುಗುವುದಕ್ಕೆ ಮೊದಲೇ ಎಲೆ ಹಾಕಿ ಬಡಿಸಿದರು. ಆಲೂಗೆಡ್ಡೆಗೆ ಹೆಸರಾದ ಜಿಲ್ಲೆಯಲ್ಲಿ ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದ ಊಟ. ಮರುದಿನ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಕಾರಿನಲ್ಲಿ ಹೋದೆವು. ಮೀನಿನ ಕಥೆ ಹುಟ್ಟಿದ್ದು ಆ ದಾರಿಯಲ್ಲಿ, ಅದನ್ನು ಹೇಳಿ ಹೇಳಿ ಹಬ್ಬಿಸಿದವನು ನಾನೇ.

ಹಾಸನದ ಸಾಹಿತ್ಯಾಸಕ್ತರು ಶ್ರದ್ಧಾಂಜಲಿ ಸಭೆ ಇಟ್ಟು, ‘ಕವಿಯ ಬದುಕು ಮತ್ತು ಸಾಧನೆ’ ಕುರಿತು ನಾನೇ ಮಾತಾಡಬೇಕೆಂದರು. ಒಪ್ಪಿಕೊಂಡೆ, ಅಂದಿನಿಂದ ನೆಮ್ಮದಿ ಕೆಟ್ಟಿತು. ಅರಕಲಗೂಡಿನ ನಿವೃತ್ತ ಮೇಷ್ಟ್ರೊಬ್ಬರು, ಕವಿ ಅಂದು ಕನ್ನಡದಲ್ಲೇ ಭಾಷಣ ಮಾಡಿದರು ಎಂದರು. ಇನ್ನೊಬ್ಬರ ಪ್ರಕಾರ ಕರೆಂಟು ಹೋಗಿ ಕಾರ್ಯಕ್ರಮವೇ ನಡೆಯಲಿಲ್ಲ. ಮಲ್ಲಿಪಟ್ಟಣದ ಶುಂಠಿ ಬೆಳೆಗಾರರೊಬ್ಬರು, ಕವಿ ತಮ್ಮ ಹೊಲದ ಬದುವಿನ ಮೇಲೆ ನಿಂತು ಅತ್ತರು ಎಂದು ಆಣೆ ಮಾಡಿದರು. ಆ ಹೊಲ ನಮ್ಮ ದಾರಿಯಲ್ಲೇ ಇರಲಿಲ್ಲ. ಅಂದು ಕಾರು ಓಡಿಸಿದವನು ಈಗ ದುದ್ದದಲ್ಲಿ ಹಸು ಕಟ್ಟಿಕೊಂಡಿದ್ದಾನೆ. ಅವನನ್ನೂ ಹುಡುಕಿಕೊಂಡು ಹೋದೆ.

“ಮೀನಾ? ಕೋಳಿ ಅಲ್ವಾ ಸಾ?”

“ಮೀನು ಕಣಯ್ಯ. ಯಾರು ತಿಂದ್ರು, ಅದು ಹೇಳು.”

“ಎಲ್ರೂ ತಿಂದ್ವಲ್ಲ ಸಾ. ನೀವೇ ತಾನೆ ಇನ್ನೊಂದು ಪ್ಲೇಟ್ ತತ್ತಾ ಅಂದಿದ್ದು?”

ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಚನ್ನರಾಯಪಟ್ಟಣಕ್ಕೆ ಹೋದಾಗ ಗೆಳೆಯನ ತಾಯಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

“ಭಾಷಣ ನೀನೇ ಮಾಡೋದಂತೆ.”

“ಹೂಂ ಅಮ್ಮ.”

“ಮೀನಿಂದೂ ಏಳ್ತೀಯಾ?”

“ಬುಡಮ್ಮ, ಅಳೇ ಕತೆ” ಎಂದ ಗೆಳೆಯ.

“ನಿಂಗೆ ಅಳೇದು. ಸಂತೆಗೋದ್ರೆ ಈಗ್ಲೂ ಕೇಳ್ತಾರೆ, ನಿಮ್ಮನೆ ಊಟಕ್ಕೆ ಎದ್ರಿ ಬಂಗಾಲಿ ಒಳೆಗೆ ಬಿದ್ನಂತಲ್ಲಾ ಅಂತ.” ಕೈಯಲ್ಲಿದ್ದ ಕಾಯಿ ಪಾತ್ರೆಗೆ ಹಾಕಿದರು. “ಎಲೇಲಿ ಅರ್ಧ ಅನ್ನ ಬಿಟ್ಟೆದ್ರು. ಅದ ನಾನು ಕಂಡೆ. ಮೀನು ತಿಂದಿದ್ದ ನೀನು ಕಂಡೆ. ಇನ್ನು ಅನುಮಾನ ಎಲ್ಲೈತೆ?”

ಬಾಗಿಲವರೆಗೆ ಬಂದ ಗೆಳೆಯ ತಗ್ಗಿದ ದನಿಯಲ್ಲಿ ಹೇಳಿದ: “ಅವತ್ತಿಂದ ಹೊರಗಿನೋರ್ಗೆ ಮನೇಲಿ ಎಲೆ ಹಾಕಿಲ್ಲ ಕಣ್ಲಾ. ನನ್ ಮಗಳ ಬೀಗ್ರು ಬಂದಾಗ್ಲೂ ಛತ್ರದಲ್ಲೇ ಊಟ. ಅಮ್ಮ ಸಭೆಗೆ ಬತ್ತೀನಿ ಅಂತವ್ರೆ. ನೋಡ್ಕಂಡು ಮಾತಾಡು.”

ನೋಡಿಕೊಂಡು ಮಾತಾಡುವುದು ಎಂದರೇನು? ಸುಳ್ಳು ಹೇಳಲಾರೆ. ನಿಜ ಯಾವುದೆಂದು ಗೊತ್ತಿಲ್ಲ. ಕವಿಯ ಬದುಕಿನ ಬಗ್ಗೆ ಬಂದ ಬರಹಗಳನ್ನೆಲ್ಲ ಕೆದಕಿದೆ. ಎಲ್ಲರೂ ಅವರ ಕವಿತೆಯ ಮೀನನ್ನೇ ಕೊಂಡಾಡಿದ್ದರು, ಊಟದೆಲೆಯ ಬಗ್ಗೆ ಯಾರೂ ಬರೆದಿರಲಿಲ್ಲ. ಕಡೆಗೆ ಅನುವಾದಕರೊಬ್ಬರಿಂದ ನಂಬರು ಪಡೆದು ಕೋಲ್ಕತ್ತಕ್ಕೆ, ಕವಿಯ ಮಗಳಿಗೆ ಫೋನು ಮಾಡಿದೆ.

ಆಕೆ ಶಾಂತವಾಗಿ ಕೇಳಿಸಿಕೊಂಡು, ನೀವೂ ಮೀನಿನ ಕಥೆಯವರೇ ಎಂದರು. ಅಪ್ಪ ಹೋದ ಊರಿನವರೆಲ್ಲ ಫೋನು ಮಾಡಿ ತಾವೇ ಮೀನು ತಿನ್ನಿಸಿದ್ದಾಗಿ ಹೇಳುತ್ತಾರಂತೆ. ಆಕೆಯ ಅಜ್ಜ, ಅಂದರೆ ಕವಿಯ ತಂದೆ, ತೀರಿಕೊಂಡಾಗ ಕವಿ ಇನ್ನೂ ಕಾಲೇಜಿನಲ್ಲಿದ್ದರು. ಅಲ್ಲಿಯ ಪದ್ಧತಿಯಂತೆ ವಿಧವೆಯಾದ ಅಜ್ಜಿಗೆ ಮೀನು ನಿಂತುಹೋಯಿತು. ಅಷ್ಟು ದಿನ ಮೀನು ಹೆಚ್ಚಿದ ಕೈಗೇ ಮೀನು ಬೇಡವೆಂದ ಮೇಲೆ ತನಗೂ ಬೇಡ ಎಂದು ಕವಿಯೂ ಬಿಟ್ಟರು. ಮತ್ತೆಂದೂ ಮುಟ್ಟಲಿಲ್ಲ. ಇದನ್ನೊಂದು ಪದ್ಯ ಮಾಡಿ ಮೆರೆಯಬೇಡ ಎಂದು ಅಜ್ಜಿ ಹೇಳಿದ್ದರಿಂದ ಎಲ್ಲೂ ಬರೆಯಲಿಲ್ಲ. ಸಭೆಯಲ್ಲಿ ಹೇಳಬಹುದೇ ಎಂದು ಕೇಳಿದೆ. ಇಬ್ಬರೂ ಹೋದರಲ್ಲ, ಹೇಳಿ ಎಂದರು.

ಫೋನಿಟ್ಟು ಕೂತೆ. ಬಂಗಾಳದವರೆಂದ ಮೇಲೆ ಮೀನು ತಿಂದೇ ತಿನ್ನುತ್ತಾರೆಂದು ಸಂತೆಯ ಜನ ನಂಬಿದಂತೆಯೇ ನಾನೂ ನಂಬಿ, ಅದಕ್ಕೊಂದು ಚಿತ್ರ ಬರೆದು, ಕಂಡೆ ಎಂದುಕೊಂಡಿದ್ದೆ. ನೆನಪಿನಲ್ಲಿರುವುದು ಒಂದೇ ಎಲೆ. ನಾನೂ ಜೊತೆಗೆ ಕೂತಿದ್ದೆನಲ್ಲ, ನನ್ನ ಎಲೆ ಎಲ್ಲಿ ಹೋಯಿತು?

ಸಭೆಯ ದಿನ ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ, “ಜೈನರ ಮನೆಯಲ್ಲಿ ಉಪವಾಸ ಬಿದ್ದ ಕವಿಗೆ ಹೊಳೆನರಸೀಪುರದಲ್ಲಿ ಮೀನು ತಿನ್ನಿಸಿ ಬದುಕಿಸಿದ ಪುಣ್ಯಾತ್ಮರು ಇವರೇ” ಎಂದುಬಿಟ್ಟರು. ಜನ ನಕ್ಕರು. ಮುಂದಿನ ಸಾಲಿನಲ್ಲಿ ಗೆಳೆಯನ ತಾಯಿ ಸೆರಗು ಹೊದ್ದು ಕೂತಿದ್ದರು. ಬರೆದು ತಂದಿದ್ದ ಭಾಷಣವನ್ನು ಮಡಚಿ ಜೇಬಿಗೆ ಹಾಕಿ, ಮಗಳು ಹೇಳಿದ್ದನ್ನಷ್ಟೇ ಹೇಳಿದೆ. ಕೇಳಿ ಸುಮ್ಮನೆ ಹೋಗುವ ಜನವಲ್ಲ ನಮ್ಮದು. ಹಿಂದಿನಿಂದ ಒಬ್ಬ ಎದ್ದ.

“ಅಂಗಾರೆ ಮೀನು ತಿಂದೋರ್ಯಾರು ಸಾ?”

“ನಾನೇ ಇರಬೇಕು. ಎರಡು ಪ್ಲೇಟು ತಿಂದೆನಂತೆ” ಎಂದೆ.

ಮತ್ತೆ ನಕ್ಕರು. ಈ ಸಲ ನಕ್ಕಿದ್ದು ನನ್ನನ್ನು ನೋಡಿ.

ಹೊರಗೆ ಗೆಳೆಯ ಕಾರು ತರಲು ಹೋದಾಗ ಅವನ ತಾಯಿ ನನ್ನ ಹತ್ತಿರ ಬಂದರು.

“ಅಂಗಾದ್ರೆ ಅನ್ನ ಯಾಕೆ ಬಿಟ್ರು?”

“ಅದು ಗೊತ್ತಿಲ್ಲ ಅಮ್ಮ.”

ಸೆರಗು ಸರಿಮಾಡಿಕೊಂಡರು. “ಬಿಸ್ಲಲ್ಲಿ ಬೆಟ್ಟ ಅತ್ತಿ ಬಂದಿದ್ರು. ಸುಸ್ತಾಗಿತ್ತೇನೋ ಪಾಪ.” ಕಾರಿನ ಬಾಗಿಲು ಹಿಡಿದು ತಿರುಗಿದರು. “ಭಾನುವಾರ ಊಟಕ್ಕೆ ಬಾ. ಒತ್ತು ಮುಳುಗೋಕೆ ಮುಂಚೆ ಬಾ, ಆಮೇಲೆ ಬಂದ್ರೆ ಎಲೆ ಆಕಲ್ಲ.”

ಹೋದೆ, ಉಂಡೆ, ಎಲೆಯಲ್ಲಿ ಒಂದಗುಳೂ ಬಿಡದ ಹಾಗೆ ಎಚ್ಚರ ವಹಿಸಿದೆ.

ಮಗಳ ಮಾತೊಂದನ್ನೇ ನಂಬಿ ಕೂರುವ ಜಾಯಮಾನ ನನ್ನದಲ್ಲ. ಕವಿಯೊಂದಿಗೆ ಜೀವನವಿಡೀ ಜಗಳವಾಡಿದ ಇನ್ನೊಬ್ಬ ಬಂಗಾಳಿ ಬರಹಗಾರರನ್ನು ಪತ್ತೆ ಮಾಡಿ ಕೇಳಿದೆ. ಅವರ ಪದ್ಯ ಕೆಟ್ಟದ್ದು, ಸ್ವಭಾವ ಅದಕ್ಕಿಂತ ಕೆಟ್ಟದ್ದು ಎಂದು ಶುರುಮಾಡಿದ ಆ ವೃದ್ಧರು, ಒಂದನ್ನು ಮಾತ್ರ ಒಪ್ಪಿಕೊಂಡರು: ಮದುವೆಮನೆಗಳಲ್ಲಿ ಅಕ್ಕಪಕ್ಕ ಕೂತಾಗಲೆಲ್ಲ ಕವಿ ತಮ್ಮ ಪಾಲಿನ ಮೀನನ್ನು ಇವರ ಎಲೆಗೆ ದಾಟಿಸುತ್ತಿದ್ದರು.