ಆಷಾಢದಲ್ಲಿ ಅಳೆದ ಮನೆ

ನನ್ನ ಚೌಕಾಶಿಗೆ ಹೊಳೆನರಸೀಪುರದ ಸಂತೆಯಲ್ಲಿ ಒಂದು ಹೆಸರಿತ್ತು. ನಾನು ಬರುವುದನ್ನು ದೂರದಿಂದ ಕಂಡರೆ ಸಾಕು, ಸೊಪ್ಪಿನವಳು ಕೊತ್ತಂಬರಿ ಕಟ್ಟುಗಳನ್ನು ಗೋಣಿತಾಟಿನ ಅಡಿಗೆ ತಳ್ಳಿ, "ಇವತ್ತು ಎಲ್ಲಾ ಕಾಲಿ ಆಗೋಯ್ತು ಕಣ್ರವ್ವ" ಅನ್ನುತ್ತಿದ್ದಳು. ನಮ್ಮ ಯಜಮಾನರು ಇದಕ್ಕೆ ತದ್ವಿರುದ್ಧ. ಅರಕಲಗೂಡಿನ ಆಫೀಸಿನಿಂದ ಬರುವಾಗ ಒಂದಿಷ್ಟು ಶುಂಠಿ ತನ್ನಿ ಅಂದರೆ, ಹೇಳಿದ ಬೆಲೆ ಕೊಟ್ಟು, ಮೇಲೆ "ಬರ್ತೀನಪ್ಪ" ಅಂತ ಕೈಮುಗಿದು ಬರುವ ಜಾಯಮಾನ. ಇಂಥ ನಾವಿಬ್ಬರೂ ಸೇರಿ ಮನೆ ಕೊಳ್ಳಲು ಹೊರಟೆವು.

ಹೊರಡದೆ ವಿಧಿಯಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನಮ್ಮ ಬಾಡಿಗೆ ಮನೆಗಳು ಮಾತ್ರ ಮುಗಿದಿರಲಿಲ್ಲ. ಒಬ್ಬ ಓನರಿಗೆ ಗೋಡೆಗೆ ಮೊಳೆ ಹೊಡೆದರೆ ಎದೆಗೇ ಹೊಡೆದಂತಾಗುತ್ತಿತ್ತು. ಇನ್ನೊಬ್ಬರು ನಮ್ಮ ನೆಂಟರು ಎರಡು ದಿನಕ್ಕಿಂತ ಹೆಚ್ಚು ಉಳಿದರೆ ನಲ್ಲಿಗೆ ಬೀಗ ಹಾಕುತ್ತಿದ್ದರು. ಆಗ ನಾವಿದ್ದ ಮನೆಯವರು ದೀಪಾವಳಿಯೊಳಗೆ ಖಾಲಿ ಮಾಡಿ ಅಂದಿದ್ದರು. ಮತ್ತೊಮ್ಮೆ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬುವುದನ್ನು ನೆನೆದರೆ ನನಗೆ ಅಳು ಬರುತ್ತಿತ್ತು. ಅಳು ಬಂದರೆ ನಾನು ಅಳುವವಳಲ್ಲ, ಬೈಯುವವಳು. ಆ ದಿನಗಳಲ್ಲಿ ನಮ್ಮನೆಯಲ್ಲಿ ಬೈಗುಳಕ್ಕೆ ಬರವಿರಲಿಲ್ಲ.

ಹಾಗಿರುವಾಗ ಹಳೇಕೋಟೆ ಕಡೆಯ ಗೌಡಮ್ಮನೊಬ್ಬರು ಟೌನಿನ ಮನೆ ಮಾರುತ್ತಾರೆ ಎಂದು ನಾನು ಟೀಚರಾಗಿದ್ದ ಸ್ಕೂಲಿನಲ್ಲಿ ಯಾರೋ ಹೇಳಿದರು. ಗಂಡ ಊರಲ್ಲಿ ಹೊಲ ಗದ್ದೆ ನೋಡಿಕೊಂಡಿದ್ದರೆ, ಈಕೆ ಮಕ್ಕಳನ್ನು ಓದಿಸಲು ಇಲ್ಲಿ ತಾನೇ ನಿಂತು ಮನೆ ಕಟ್ಟಿಸಿಕೊಂಡು ಇದ್ದವರು. ಮಕ್ಕಳ ಓದು ಮುಗಿದಿತ್ತು. "ಟೌನು ಸಾಕಾಯ್ತು ಕಣವ್ವ. ಬಾಗ್ಲಾಕ್ಕಂಡ್ ಒಳ್ಗೇ ಕೂತ್ಕೊಳದೂ ಒಂದ್ ಬಾಳಾ? ಊರ್ಗೋಗಿ ಎರಡ್ ಎಮ್ಮೆ ಕಟ್ತೀನಿ" ಅಂದರು. ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಬಾವಿ, ಬಾವಿಯ ಪಕ್ಕ ಕರಿಬೇವಿನ ಮರ. ಒಳಗೆ ಕಾಲಿಟ್ಟ ಗಳಿಗೆಯಲ್ಲೇ ನಾನು ಮನಸ್ಸಿನಲ್ಲಿ ಅಲ್ಲಿ ಹಾಲು ಉಕ್ಕಿಸಿಬಿಟ್ಟೆ. ಮುಖವನ್ನು ಮಾತ್ರ ಹರಳೆಣ್ಣೆ ಕುಡಿದವಳ ಹಾಗೆ ಇಟ್ಟುಕೊಂಡಿದ್ದೆ. ಇಷ್ಟವಾಯಿತೆಂದು ಗೊತ್ತಾದರೆ ಬೆಲೆ ಇಳಿಯುವುದುಂಟೇ? ಮಧ್ಯಾಹ್ನವೆಲ್ಲ ಎಳೆದಾಡಿ ಒಂದು ಬೆಲೆಗೆ ಇಬ್ಬರೂ ಬಂದೆವು.

ಆದರೆ ಅದು ಆಷಾಢ. ಎಲೆ ಅಡಿಕೆ ಇಟ್ಟು ಮಾತು ಗಟ್ಟಿ ಮಾಡಿಕೊಳ್ಳುವ ಹಾಗಿಲ್ಲ. "ಶ್ರಾವಣ ಬರ್ಲಿ ಬುಡಿ" ಅಂದರು ಗೌಡಮ್ಮ. ಬರಲಿ ಅಂತ ನಾವೂ ಎದ್ದು ಬಂದೆವು.

ಶ್ರಾವಣಕ್ಕಿಂತ ಮೊದಲು ಹಾಸನದಿಂದ ನಮ್ಮ ಭಾವ ಬಂದರು, ಅಂದರೆ ಯಜಮಾನರ ಅಣ್ಣ. ಜೊತೆಗೊಬ್ಬ ಇಂಜಿನಿಯರು. ಅಳತೆ ಮಾಡಿಸದೆ ಯಾರಾದರೂ ಮನೆ ಕೊಳ್ಳುತ್ತಾರೆಯೇ ಎಂದು ಭಾವ ನಮ್ಮಿಬ್ಬರನ್ನೂ ಗದರಿದರು. ಅಳತೆಗೆ ಆಷಾಢ ಅಡ್ಡಿಯಿಲ್ಲವಂತೆ. ಇಂಜಿನಿಯರು ಸ್ಕ್ರೂಡ್ರೈವರಿನಿಂದ ನಡುಮನೆಯ ತೊಲೆಯನ್ನು ಚುಚ್ಚಿದರೆ ಹುಡಿ ಸುರಿಯಿತು. ಗೆದ್ದಲು! ಅಡುಗೆಮನೆ ಗೋಡೆಯನ್ನು ತಟ್ಟಿ, ಕಿವಿಯಿಟ್ಟು ಕೇಳಿ, ಡಾಕ್ಟರು ರೋಗಿಯ ಎದುರಿಗೆ ಆಡಿಸಬಾರದ ಹಾಗೆ ತಲೆಯಾಡಿಸಿದರು. ಟೇಪು ಹಿಡಿದಾಗ ಹಿತ್ತಲು ಪತ್ರದಲ್ಲಿದ್ದುದಕ್ಕಿಂತ ಮೂರಡಿ ಕಡಿಮೆ. ಪಕ್ಕದವರ ಕಾಂಪೌಂಡು ಒತ್ತಿಕೊಂಡು ಒಳಗೆ ಬಂದಿತ್ತು. ಗೌಡಮ್ಮ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೆ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು.

ಮನೆಗೆ ಬಂದಮೇಲೆ ನಮ್ಮ ಪಂಚಾಯ್ತಿ ಶುರುವಾಯಿತು.

"ಇಳಿಸಲೇಬೇಕು. ಇಷ್ಟು ಕಂಡ ಮೇಲೂ ಸುಮ್ಮನಿದ್ರೆ ನಮ್ಮನ್ನ ಗುಗ್ಗುಗಳು ಅಂದ್ಕೋತಾರೆ" ಅಂದರು ಭಾವ.

"ಬಾಯಲ್ಲಿ ಆಡಿದ ಮೇಲೆ ಮುಗೀತು ಕಣೋ" ಅಂದರು ಯಜಮಾನರು. "ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಒಬ್ಬ ಗೋಡೌನಿಗೆ ಅಂತ ಆ ಮನೆ ಮೇಲೆ ಕಣ್ಣು ಹಾಕಿದಾನೆ. ಆಯಮ್ಮ ಸಿಟ್ಟಾಗಿ ಅವನಿಗೇ ಕೊಟ್ಟುಬಿಟ್ರೆ?"

ಇಬ್ಬರೂ ನನ್ನ ಮುಖ ನೋಡಿದರು. ಚೌಕಾಶಿ ನನ್ನ ಇಲಾಖೆಯಲ್ಲವೇ? ಆದರೆ ಜೀವಮಾನದಲ್ಲಿ ಮೊದಲ ಸಲ ನನಗೆ ಬಾಯಿ ಬರಲಿಲ್ಲ. ಕೊತ್ತಂಬರಿಯವಳು ಇಳಿಸದಿದ್ದರೆ ಪಕ್ಕದವಳ ಹತ್ತಿರ ಹೋಗಬಹುದು. ಆ ಮನೆ ಕೈಬಿಟ್ಟರೆ ಎಲ್ಲಿಗೆ ಹೋಗಲಿ? ಹಾಗಂತ ಗೆದ್ದಲು ತಿಂದ ತೊಲೆಗೆ ಪೂರ್ತಿ ಬೆಲೆ ಕೊಟ್ಟರೆ ಸಂತೆಯಲ್ಲಿ ಮತ್ತೆ ತಲೆಯೆತ್ತಿ ಓಡಾಡುವುದು ಹೇಗೆ? ಕೇಳಿದರೆ ಮನೆ ಹೋಗುತ್ತೆ, ಕೇಳದಿದ್ದರೆ ಮಾನ ಹೋಗುತ್ತೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಆಷಾಢ ಮುಗಿಯುವವರೆಗೂ ನಾನು ಮಾಡಿದ ಸಾರಿಗೆ ಉಪ್ಪು ನೆಟ್ಟಗೆ ಬೀಳಲಿಲ್ಲ.

ಕೊನೆಗೆ ಕೇಳುವುದೇ ಸರಿ, ಆದರೆ ನಯವಾಗಿ ಕೇಳುವುದು ಎಂದು ತೀರ್ಮಾನಿಸಿದೆ. ಮಾತುಗಳನ್ನು ಬಾಯಿಪಾಠ ಮಾಡಿದೆ. ಯಜಮಾನರನ್ನು ಗೌಡಮ್ಮನ ಜಾಗದಲ್ಲಿ ಕೂರಿಸಿಕೊಂಡು ಒಂದು ಸಲ ಒಪ್ಪಿಸಿ ನೋಡಿದೆ. ಅವರು ನನ್ನ ಮೊದಲನೇ ಮಾತಿಗೇ "ಆಯ್ತು, ಎಷ್ಟು ಬೇಕೋ ಅಷ್ಟು ಇಳಿಸ್ಕೊಳಮ್ಮ" ಅಂದುಬಿಟ್ಟರು. ಅಂಥವರನ್ನು ಕಟ್ಟಿಕೊಂಡು ಏನು ಅಭ್ಯಾಸ ಮಾಡುವುದು!

ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಇರಲಿ ಎಂದು ಶ್ರಾವಣದ ಮೊದಲ ಶುಕ್ರವಾರವನ್ನೇ ಆರಿಸಿದೆ. ಹಿರಿಯ ಮುತ್ತೈದೆಯ ಮನೆಗೆ ಶುಕ್ರವಾರ ಬರಿಗೈಯಲ್ಲಿ ಹೋಗಲಾದೀತೇ? ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಒಂದು ರವಿಕೆ ಕಣ ಜೋಡಿಸಿಕೊಂಡೆ. ಮೊದಲು ತಾಂಬೂಲ ಕೊಟ್ಟು, ಕಷ್ಟ ಸುಖ ಮಾತಾಡಿ, ಮನಸ್ಸು ಮೆತ್ತಗಾದ ಮೇಲೆ ಗೆದ್ದಲಿನ ಸುದ್ದಿ ಎತ್ತುವುದು, ಇದು ನನ್ನ ಉಪಾಯ. ಯಜಮಾನರಿಗೆ ಬಾಯಿಬಿಡಕೂಡದೆಂದು ಹೇಳಿ ಹಿಂದೆ ಹಿಂದೆ ನಡೆಸಿಕೊಂಡು ಹೋದೆ.

ಗೌಡಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದರು. ತಟ್ಟೆ ಕಂಡದ್ದೇ ಅವರ ಮುಖ ಅರಳಿತು. ಎದ್ದು ಕೈ ತೊಳೆದು, ಸೆರಗೊಡ್ಡಿ, ಎಲ್ಲವನ್ನೂ ಮಡಿಲಿಗೆ ಹಾಕಿಸಿಕೊಂಡು ಕಣ್ಣಿಗೊತ್ತಿಕೊಂಡರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಎದುರುಮನೆಯಾಕೆಯನ್ನು ಕೂಗಿದರು.

"ಏ, ಬಾರಮ್ಮಿ ಇಲ್ಲಿ! ಟೀಚರಮ್ಮ ಎಲೆಅಡ್ಕೆ ತಂದ್ ಕೊಟ್ರು! ಮನೆ ಮಾತು ಗಟ್ಟಿ ಆಯ್ತು ಕಣಮ್ಮಿ!"

"ಅಮ್ಮಾ, ಅದು ಹಾಗಲ್ಲ, ಆ ಅಳತೆ..." ಅಂತ ತೊದಲಿದೆ.

"ಇನ್ ಯಾವ ಮಾತೂ ಬ್ಯಾಡ ಕಣ್ರವ್ವ. ಎಲೆಅಡ್ಕೆ ಇಸ್ಕಂಡ್ ಮ್ಯಾಲೆ ಮುಗೀತು. ಆ ಕೊಬ್ರಿಯವ್ನು ಬರ್ಲಿ, ಬಾಗ್ಲಲ್ಲೇ ತಿರುಗ್ಸಿ ಕಳುಸ್ತೀನಿ" ಎಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದರು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಗೆದ್ದಲು ಎಂದು ಉಚ್ಚರಿಸಲು ಯಾರಿಂದಲೂ ಆಗುವುದಿಲ್ಲ. ಹಿಂದೆ ತಿರುಗಿದರೆ ಯಜಮಾನರು ಮಗಳ ಮದುವೆ ನಿಶ್ಚಯವಾದವರ ಹಾಗೆ ನಿಂತು ನಗುತ್ತಿದ್ದರು.

ಮದುವೆ ನಿಶ್ಚಯದಲ್ಲಿ ತಾಂಬೂಲ ಬದಲಾಯಿಸುವುದನ್ನು ಬುದ್ಧಿ ಬಂದಾಗಿನಿಂದ ನೋಡಿಕೊಂಡು ಬಂದವಳು ನಾನು. ಶ್ರಾವಣ ಬರಲಿ ಎಂದು ಅವರು ಹೇಳಿದ್ದು ಇದಕ್ಕೇ ಅಲ್ಲವೇ? ಒಳ್ಳೆ ದಿನ ನೋಡಿ, ನನ್ನ ಕೈಯಾರೆ, ನನ್ನ ಬಾಯಿಗೆ ನಾನೇ ಬೀಗ ಜಡಿದುಕೊಂಡಿದ್ದೆ! ಹಾಸನಕ್ಕೆ ಫೋನ್ ಮಾಡಿ ಭಾವನಿಗೆ ನಡೆದುದನ್ನು ಹೇಳಿದೆ.

"ಆ ಬಾಳೆಹಣ್ಣಿಗಾದ್ರೂ ಚೌಕಾಶಿ ಮಾಡಿದ್ಯೇನಮ್ಮ?" ಅಂದರು.

ಮಾಡಿದ್ದೆ. ಎಂಟಾಣೆ ಬಿಡಿಸಿಕೊಂಡಿದ್ದೆ.

ರಿಜಿಸ್ಟ್ರೇಷನ್ ಆದ ದಿನ ಗೌಡಮ್ಮ ಬೀಗದಕೈ ಕೊಟ್ಟು, ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ನೇರ ಬಸ್ ಸ್ಟ್ಯಾಂಡಿಗೆ ನಡೆದರು. ನಾವೂ ಕಳಿಸಿಕೊಡಲು ಹೋದೆವು. ಅವರು ಬಸ್ಸಿನ ಕಿಟಕಿಯ ಪಕ್ಕ ಕೂತರು. ನನಗೆ ಕೇಳದೆ ಇರಲಾಗಲಿಲ್ಲ. "ಅಮ್ಮ, ಈಗಾದ್ರೂ ಹೇಳಿ. ಅವತ್ತು ಬೆಲೆ ಇಳಿಸಿ ಅಂತ ಕೇಳಿದ್ರೆ ಇಳಿಸ್ತಿದ್ರಾ?"

"ಇಳಿಸ್ದೆ ಇನ್ನೇನ್ ಮಾಡ್ಲಿ?" ಅಂದರು. "ಆ ಇಂಜಿನೇರು ತಲೆ ಆಡ್ಸಿದ್ನ ನಾನ್ ನೋಡ್ನಿಲ್ವಾ? ಬಂದು ಕೇಳ್ತಾರೆ, ಇಳ್ಸಿ ಕೊಟ್ಬುಡಾನ ಅಂತ್ಲೇ ಕೂತಿದ್ದೆ. ನೋಡುದ್ರೆ ನೀವು ತಟ್ಟೆ ಇಡ್ಕಂಡ್ ಬಂದ್ಬುಟ್ರಿ!"

ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿಗೆ ಅಡ್ಡ ಮಲಗೋಣ ಅನ್ನಿಸಿತು. ಗೌಡಮ್ಮ ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು.

"ಕೇಳಿದ್ರೆ ಕೊಡ್ತಿದ್ದೆ ಕಣವ್ವ. ಆದ್ರೆ ನಾನ್ ನಿಂತ್ ಕಟ್ಸಿದ್ ಮನೆ, ಅದು ಸರಿ ಇಲ್ಲ, ಇದು ಸರಿ ಇಲ್ಲ ಅನ್ನುಸ್ಕಂಡು ಬುಟ್ಟೋಗ್ಬೇಕಲ್ಲ ಅಂತ ಕರುಳು ಉರೀತಿತ್ತು. ನೀವು ಒಂದ್ ಮಾತೂ ಅನ್ನಲಿಲ್ಲ. ನಿಮ್ ಒಟ್ಟೆ ತಣ್ಣಗಿರ್ಲಿ."

ಬಸ್ಸು ಹೊರಟಿತು. ಗೌಡಮ್ಮ ತಿರುಗಿ ನೋಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ಮಾತ್ರ ಕಾಣಿಸಿತು. ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ.

"ನಾನು ಮೊದಲೇ ಹೇಳಿರಲಿಲ್ವಾ..." ಎಂದು ಯಜಮಾನರು ಶುರುಮಾಡಿದರು.

"ಬಾಯಿ ಮುಚ್ಕೊಂಡು ಮನೆಗೆ ನಡೀರಿ" ಅಂದೆ.

"ಯಾವ ಮನೆಗೆ?" ಅಂದರು. ತಮಾಷೆಗಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಬೀಗದಕೈ ನನ್ನ ಮುಷ್ಟಿಯಲ್ಲೇ ಇತ್ತು. "ನಮ್ಮನೆಗೆ ಕಣ್ರೀ" ಅನ್ನುವಷ್ಟರಲ್ಲಿ, ಬೈಯುವವಳಾದ ನನಗೆ, ನಡುಬೀದಿಯಲ್ಲಿ ಅಳು ಬಂದುಬಿಟ್ಟಿತು.