ಬಾಗಿಲಲ್ಲೊಂದು ಬೆಳಕು

"ಮನೇಲಿ ಯಾರೂ ಇಲ್ದಿದ್ರೂ ಹತ್ಕೊಳ್ತದಾ, ಅಣ್ಣ?" ಪಾಳ್ಯದ ಸಂತೆಯಲ್ಲಿ ನನ್ನ ಮೇಜಿನ ಮುಂದೆ ನಿಂತ ಹೆಂಗಸು ಕೇಳಿದರು. ಕತ್ತಲಾದೊಡನೆ ತಾನಾಗಿ ದೀಪ ಹೊತ್ತಿಸುವ ನಮ್ಮ ಸಣ್ಣ ಕಂಪನಿಯ ಸ್ವಿಚ್ಚನ್ನು ಅದುವರೆಗೆ ಎಸ್ಟೇಟ್ ಬಂಗಲೆಯವರಷ್ಟೇ ಕೊಳ್ಳುತ್ತಿದ್ದರು. ನಾನು ಕಳ್ಳರ ಭಯ, ಕರೆಂಟಿನ ಉಳಿತಾಯ ಎಂದೆಲ್ಲ ಒದರತೊಡಗಿದೆ. ಅವರು ತಡೆದರು.

"ನಮ್ಮತ್ತೆ ಇದ್ದಾಗ ಹೊತ್ತು ಮುಳುಗೋಕ್ ಮುಂಚೆ ಬಾಗ್ಲಲ್ಲಿ ದೀಪ ಹಾಕೋರು. ಈಗ ತೋಟದ ಕೆಲ್ಸ ಮುಗ್ಸಿ ಬಂದ್ರೆ ಮನೆಯೆಲ್ಲ ಕತ್ಲು. ದೂರದಿಂದ ಬೆಳಕು ಕಂಡ್ರೆ ಸಾಕು ಕಣಣ್ಣ, ಯಾರೋ ಕಾಯ್ತಾವ್ರೆ ಅನ್ಸುತ್ತೆ."

ಆಮೇಲೆ ನಾನು ಕಳ್ಳರ ಮಾತೆತ್ತಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಅವರ ಮಾತನ್ನೇ ಹೇಳಿದೆ, ಸ್ವಿಚ್ಚು ಹಳ್ಳಿಮನೆಗಳಿಗೂ ಹೋಯಿತು. ಸಕಲೇಶಪುರದ ನನ್ನ ಬಾಡಿಗೆ ಕೋಣೆಗೂ ಒಂದನ್ನು ಹಾಕಿಕೊಂಡೆ. ಸಂಜೆ ರಸ್ತೆಯ ತಿರುವಿನಲ್ಲೇ ಬೆಳಕು ಕಾಣುತ್ತದೆ. ಬೀಗ ಮಾತ್ರ ನಾನೇ ತೆಗೆಯಬೇಕು.